ನನ್ನ ಟುಲಿಪ್ ಬಕೆಟ್ಟು, ಅತ್ತೆಯ ಮೂರು ಸಲ

ನಮ್ಮ ಅಂಗಡಿಯಲ್ಲಿ ಹೂವನ್ನು ಮೂಸಿ ನೋಡುವಂತಿರಲಿಲ್ಲ. ಗಿರಾಕಿ ಯಾರೇ ಇರಲಿ, ಗುಲಾಬಿಯನ್ನು ಮೂಗಿನ ಹತ್ತಿರ ಒಯ್ದರೆ ಸಾಕು, ನಮ್ಮ ಅತ್ತೆ ಅದನ್ನು ಕಸಿದುಕೊಂಡು ಪಕ್ಕಕ್ಕೆ ಎಸೆದು ಬೇರೊಂದನ್ನು ಕೊಡುತ್ತಿದ್ದರು. ದೇವರಿಗಿಂತ ಮೊದಲು ನೀವು ಮೂಸಿದರೆ ಅದು ಎಂಜಲಾಯಿತು ಎನ್ನುವುದು ಅವರ ವಾದ. ಹಾಗೆ ಎಸೆದರೆ ನಷ್ಟ ಯಾರಿಗೆ ಎಂದು ಹೊಸ ಸೊಸೆಯಾಗಿದ್ದಾಗ ಒಮ್ಮೆ ಕೇಳಿಬಿಟ್ಟಿದ್ದೆ. ಆ ವಾರವಿಡೀ ಅವರು ನನ್ನೊಂದಿಗೆ ಮಾತಾಡಬೇಕಾದ್ದನ್ನೆಲ್ಲ ತಕ್ಕಡಿಯ ಜೊತೆ ಮಾತಾಡಿದರು.

ಎರಡೂ ಕಡೆಯಿಂದ ನಮ್ಮದು ಹೂಗಾರರ ಮನೆತನ. ಗುಲ್ಬರ್ಗಾ ಕಡೆಯ ನಮ್ಮ ಊರುಗಳಲ್ಲಿ ಮನೆಮನೆಗೆ ಹೂವು, ಬಿಲ್ವಪತ್ರಿ ಕೊಡುವುದು ಹಿರಿಯರ ಕಸುಬು. ಆದರೆ ಅತ್ತೆ ಮಾವ ಪುಣೆಗೆ ಬಂದದ್ದು ಹೂವಿಗಲ್ಲ, ಇಟ್ಟಿಗೆಗೆ. ವಿಮಾನ ನಗರದಲ್ಲಿ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಅತ್ತೆ ತಲೆಯ ಮೇಲೆ ಇಟ್ಟಿಗೆ ಹೊತ್ತು ಮೇಲೆಬ್ಬಿಸಿದ ಕಟ್ಟಡದ ಎದುರಿಗೇ, ಮಾರುತಿಯ ಚಿಕ್ಕ ಗುಡಿಯ ಪಕ್ಕದಲ್ಲಿ, ಆಮೇಲೆ ತಗಡಿನ ಅಂಗಡಿ ಹಾಕಿದರು. ಮಾವ ತೀರಿಕೊಂಡ ಮೇಲೆ ಅಂಗಡಿ ಅವರೊಬ್ಬರದೇ ಆಯಿತು. ನಾನು ಮದುವೆಯಾಗಿ ಬಂದದ್ದು ತೊಂಬತ್ತರ ದಶಕದ ನಡುವೆ. ನಮ್ಮ ಮನೆಯವರಿಗೆ ರಾಂಜಣಗಾಂವದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಕಂಪನಿ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಹೋಗಿ, ನಿದ್ದೆ ಮಾಡುತ್ತ ಬರುತ್ತಿದ್ದರು. ಹೀಗಾಗಿ ಅಂಗಡಿ ಎಂದರೆ ಅತ್ತೆ ಮತ್ತು ನಾನು, ನಮ್ಮ ನಡುವೆ ಒಂದು ದಾರದ ಉಂಡೆ.

ಅತ್ತೆಯ ಕಾನೂನುಗಳಲ್ಲಿ ಇನ್ನೊಂದನ್ನು ಈಗಲೇ ಹೇಳಿಬಿಡಬೇಕು. ಮುಚ್ಚಿದ ಹೂವನ್ನು ದೇವರ ಮುಂದೆ, ಮದುಮಗಳ ಮುಂದೆ ಇಡಬಾರದು. ದೀಪಾವಳಿಯ ಹೊತ್ತಿಗೆ ಮಾರ್ಕೆಟ್ಟಿನಿಂದ ಕಮಲದ ಮೊಗ್ಗುಗಳು ಬರುತ್ತಿದ್ದವು. ಅವನ್ನು ಹಾಗೆಯೇ ಮಾರುವುದೆಂದರೆ ಅತ್ತೆಗೆ ಅವಮಾನ. ತೊಡೆಯ ಮೇಲೆ ಒದ್ದೆ ಬಟ್ಟೆ ಹಾಸಿಕೊಂಡು, ಹೊರಗಿನ ದಳವನ್ನು ಮೊದಲು ಹೆಬ್ಬೆರಳಿನಿಂದ ಮೆತ್ತಗೆ ಹಿಂದಕ್ಕೆ ಮಡಚಿ, ಆಮೇಲೆ ಅದರ ಒಳಗಿನದು, ಆಮೇಲೆ ಅದರ ಒಳಗಿನದು, ಹೀಗೆ ಇಡೀ ಮೊಗ್ಗನ್ನು ತಟ್ಟೆಯಗಲ ಅರಳಿಸುತ್ತಿದ್ದರು. ಒಂದು ದಳವೂ ಸೀಳುತ್ತಿರಲಿಲ್ಲ. ಹಾಗಾದರೆ ಮಲ್ಲಿಗೆ ಮೊಗ್ಗು ಹೇಗೆ ನಡೆಯುತ್ತದೆ ಎಂದು ಕೇಳಿದರೆ, ಅದು ಮುಡಿದ ಮೇಲೆ ತಾನಾಗಿ ಅರಳುತ್ತದೆ, ಅದಕ್ಕೆ ಬುದ್ಧಿ ಇದೆ, ನಿನ್ನ ಹಾಗಲ್ಲ ಎನ್ನುತ್ತಿದ್ದರು.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಸುತ್ತಲಿನ ಗಿರಾಕಿಗಳು ಬದಲಾದರು. ಹಾರ ಕೇಳುವವರ ನಡುವೆ ಬೊಕೆ ಕೇಳುವವರು ಬರತೊಡಗಿದರು. ಹಾರ ಕಟ್ಟುವ ಕೈ ನನ್ನದೂ ಚುರುಕೇ. ಆದರೆ ಮೊಳ ಅಳೆದು ಅಳೆದು ನನಗೆ ಸಾಕಾಗಿತ್ತು. ತಳೇಗಾಂವದ ಕಡೆ ಪ್ಲಾಸ್ಟಿಕ್ ಹೊದಿಸಿದ ಮನೆಗಳಲ್ಲಿ ಜರ್ಬೆರಾ ಬೆಳೆಯುತ್ತಿದ್ದರು. ಅವನ್ನು ತಂದು ಒಂದು ನೀಲಿ ಬಕೆಟ್ಟಿನಲ್ಲಿಟ್ಟೆ. ಅತ್ತೆ ಆ ಬಕೆಟ್ಟಿಗೆ ಅಂಗಡಿಯ ಎಡಮೂಲೆಯಲ್ಲಿ, ತೆಂಗಿನಕಾಯಿಯ ಚೀಲದ ಪಕ್ಕ, ಒಂದು ಜಾಗ ಕೊಟ್ಟರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ನೋಡೋಣ ಎಂದು ತಕ್ಕಡಿಗೆ ಹೇಳಿದರು. ಆ ಅಂಗಡಿಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಬಕೆಟ್ಟು.

ಟುಲಿಪ್ಪನ್ನು ನಾನು ಮೊದಲು ಕಂಡದ್ದು ಒಂದು ಚಳಿಗಾಲದ ಬೆಳಿಗ್ಗೆ, ಮಾರ್ಕೆಟ್ ಯಾರ್ಡಿನ ಹೂವಿನ ಬಜಾರಿನಲ್ಲಿ. ನಾವು ವರ್ಷಗಟ್ಟಲೆ ಚೆಂಡುಹೂ ಕೊಳ್ಳುತ್ತಿದ್ದ ಮರಾಠಿ ವ್ಯಾಪಾರಿ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ ಬಿಚ್ಚುತ್ತಿದ್ದ. ಹಾಲೆಂಡಿನಿಂದ ವಿಮಾನದಲ್ಲಿ ಮುಂಬೈಗೆ ಬಂದು, ಮುಂಬೈಯಿಂದ ಟೆಂಪೋದಲ್ಲಿ ಬಂದ ಮಾಲು. ಉಳ್ಳಾಗಡ್ಡಿ ಸೊಪ್ಪಿನ ನಡುವೆ ಯಾರೋ ಬಣ್ಣ ಬಳಿದ ಕೋಳಿಮೊಟ್ಟೆ ಸಿಕ್ಕಿಸಿಟ್ಟಿದ್ದಾರೆ ಅನ್ನಿಸಿ ನನಗೆ ನಗು ಬಂತು. ಅವನು ನಗಲಿಲ್ಲ. ಎರಡು ಎಲೆಗಳನ್ನು ಒಂದಕ್ಕೊಂದು ತಿಕ್ಕಿ ನನ್ನ ಕಿವಿಯ ಹತ್ತಿರ ಹಿಡಿದ. ಕಿರ್ ಕಿರ್ ಎಂದಿತು. ತಾಜಾ ಇದ್ದರೆ ಮಾತ್ರ ಹೀಗೆ ಕೂಗುತ್ತದೆ, ಬಾಡಿದ್ದು ಸುಮ್ಮನಿರುತ್ತದೆ ಎಂದ. ಮಾತಾಡುವ ಹೂವು! ನಾನು ಸೋತುಹೋದೆ. ಚೆಂಡುಹೂವಿಗೆಂದು ತಂದಿದ್ದ ದುಡ್ಡಿನಲ್ಲಿ ಒಂದು ಕಟ್ಟು ಕೆಂಪು ಟುಲಿಪ್ ಕೊಂಡು, ಆ ದಿನ ಚೆಂಡುಹೂ ಚೆನ್ನಾಗಿರಲಿಲ್ಲ ಎಂದು ಸುಳ್ಳು ಹೇಳಬೇಕೆಂದುಕೊಂಡು ಬಸ್ಸು ಹತ್ತಿದೆ.

ಅತ್ತೆ ಕಟ್ಟನ್ನು ಮೇಲೆ ಕೆಳಗೆ ನೋಡಿದರು. ಮೊಗ್ಗನ್ನು ಯಾರು ಕೊಳ್ಳುತ್ತಾರೆ ಎಂದರು. ನಾನು ಸ್ವಲ್ಪ ಹೊತ್ತು ಅಡುಗೆಗೆಂದು ಮನೆಗೆ ಹೋದೆ. ಬರುವಷ್ಟರಲ್ಲಿ ಅವರು ತಮಗೆ ತಿಳಿದ ಸೇವೆಯನ್ನೆಲ್ಲ ಅದಕ್ಕೆ ಮಾಡಿ ಮುಗಿಸಿದ್ದರು. ತಲೆಯ ಮೇಲಿಂದ ನೀರು ಚಿಮುಕಿಸಿ, ಬುಟ್ಟಿಯಲ್ಲಿ ಮಲಗಿಸಿ, ಒದ್ದೆ ಗೋಣಿತಟ್ಟು ಹೊದಿಸಿದ್ದರು. ಮಲ್ಲಿಗೆಯಾಗಿದ್ದರೆ ಅದು ರಾಜೋಪಚಾರ. ಟುಲಿಪ್ಪು ಸಂಜೆಗೆ ಮೈತುಂಬ ನೀರುಕಲೆ ಎದ್ದು, ಕತ್ತು ಬಾಗಿಸಿ, ಬುಟ್ಟಿಯ ಅಂಚಿನ ಮೇಲೆ ಗದ್ದ ಇಟ್ಟುಕೊಂಡು ಬಿದ್ದಿತ್ತು. ಗುಡಿಗೆ ಬಂದವರೆಲ್ಲ ನೋಡಿ ನಕ್ಕರು. ನನಗೆ ಸಿಟ್ಟು ಬಂದು ಎರಡು ಮಾತು ಜೋರಾಗಿಯೇ ಆಡಿದೆ. ಅತ್ತೆ ಕೇಳಿಸಿಕೊಂಡು, ಈ ಸಲ ತಕ್ಕಡಿಗಲ್ಲದೆ ನೇರವಾಗಿ ನನಗೇ ಹೇಳಿದರು.

"ಮೂರು ಸಲ ನೋಡೂಣು. ಮೂರು ಸಲಾನೂ ಹಿಂಗ ಕೆಟ್ಟರ ಬಕೀಟ ಖಾಲಿ ಮಾಡು. ಅದರಾಗ ನಾ ಚೆಂಡುಹೂ ಇಡತೀನಿ."

ಒಪ್ಪಿದೆ. ಒಪ್ಪದೆ ಏನು ಮಾಡಲಿ? ಬಕೆಟ್ಟು ಹೋದರೆ ನಾನು ಆಯುಷ್ಯಪೂರ್ತಿ ಅವರ ಬೆನ್ನಹಿಂದೆ ಕೂತು ಮೊಳ ಅಳೆಯಬೇಕು. ಇದ್ದರೆ, ಯಾವತ್ತೋ ಒಂದು ದಿನ ಆ ಎಡಮೂಲೆ ನನ್ನ ಅಂಗಡಿಯಾದೀತು ಎಂಬ ಆಸೆ. ಎಲ್ಲರಿಗೂ ಆಸೆ ಇರುತ್ತದೆ. ನನ್ನದು ನೀಲಿ ಬಣ್ಣದ್ದಿತ್ತು, ಹಿಡಿಕೆ ಮುರಿದಿತ್ತು.

ಮತ್ತೆ ವ್ಯಾಪಾರಿಯ ಹತ್ತಿರ ಹೋಗಿ ಜಗಳ ಆಡಿದೆ. ಅವನು ತಲೆ ಚಚ್ಚಿಕೊಂಡ. ಈ ಹೂವಿನ ಮುಖಕ್ಕೆ ನೀರು ತಾಗಬಾರದು, ಕಾಲಿಗೆ ಮಾತ್ರ ನೀರು, ಅದೂ ತಣ್ಣಗಿನದು, ನಾಲ್ಕು ಬೆರಳಿನಷ್ಟೇ ಎಂದು ಬಿಡಿಸಿ ಹೇಳಿದ. ಕಾಂಡದ ತುದಿಯ ಬಿಳಿ ಭಾಗವನ್ನು ಕತ್ತರಿಸಿ ಬಿಡಬೇಕು, ಅದು ನೀರು ಕುಡಿಯುವುದಿಲ್ಲ. ಆಮೇಲೆ ಇಡೀ ಕಟ್ಟನ್ನು ಪೇಪರಿನಲ್ಲಿ ಬಿಗಿಯಾಗಿ ಸುತ್ತಿ ಕತ್ತಲೆಯಲ್ಲಿ ನಿಲ್ಲಿಸಬೇಕು. ಬಾಗಿದ ಕತ್ತು ನೆಟ್ಟಗಾಗುತ್ತದೆ. ನಾನು ಹಾಗೆಯೇ ಮಾಡಿದೆ. ಮರಾಠಿ ಪೇಪರಿನಲ್ಲಿ ಸುತ್ತಿ ಮೂಲೆಯಲ್ಲಿ ನಿಲ್ಲಿಸಿದ್ದನ್ನು ಅತ್ತೆ ನೋಡಿ, ಎಳೆಗೂಸಿಗೆ ಬಟ್ಟೆ ಸುತ್ತಿದ ಹಾಗೆ ಸುತ್ತಿದ್ದೀಯಲ್ಲ, ಜೋಗುಳನೂ ಹಾಡು ಎಂದರು. ಬಿಚ್ಚಿದಾಗ ಒಂದೊಂದೂ ಪೊಲೀಸರ ಹಾಗೆ ನೆಟ್ಟಗೆ ನಿಂತಿದ್ದವು. ಅತ್ತೆ ಎರಡು ಸಲ ತಿರುಗಿ ನೋಡಿದರು. ನನಗೆ ಅಷ್ಟೇ ಸಾಕಾಗಿತ್ತು.

ಆ ಹೂವಿನ ಸ್ವಭಾವವೇ ವಿಚಿತ್ರ. ಕೊಯ್ದ ಮೇಲೂ ಬೆಳೆಯುತ್ತದೆ. ಸಂಜೆ ಒಂದೇ ಎತ್ತರಕ್ಕೆ ಕತ್ತರಿಸಿಟ್ಟರೆ ಮರುದಿನ ಒಂದು ಮುಂದೆ, ಒಂದು ಹಿಂದೆ, ಶಾಲೆಯ ಸಾಲು ಕೆಟ್ಟಂತೆ. ಬೆಳಕು ಎಲ್ಲಿದೆಯೋ ಅಲ್ಲಿಗೆ ಕತ್ತು ತಿರುಗಿಸುತ್ತದೆ. ಸೆಕೆಯಾದರೆ ಬಾಯಿ ತೆರೆಯುತ್ತದೆ, ತಂಪಾದರೆ ಮುಚ್ಚಿಕೊಳ್ಳುತ್ತದೆ. ಬುಡ ಬಿಟ್ಟು ಬಂದಮೇಲೂ ಇಷ್ಟೊಂದು ಹಟ ಇರುವ ಹೂವನ್ನು ನಾನು ಕಂಡಿರಲಿಲ್ಲ. ತೌರು ಬಿಟ್ಟು ಬಂದವಳಿಗೆ ಅದು ಇಷ್ಟವಾಗದೆ ಇರುತ್ತದೆಯೇ?

ಇಷ್ಟವಾಯಿತು ಅಂತ ಉಳಿಯಬೇಕಲ್ಲ. ಎರಡನೆಯ ಸಲ ಕೆಟ್ಟದ್ದು ಬಾಳೆಹಣ್ಣಿನಿಂದ. ನಮ್ಮದು ಪೂಜೆಯ ಸಾಮಾನಿನ ಅಂಗಡಿಯೂ ಹೌದು. ಶನಿವಾರ ಮಾರುತಿಗೆ ಗಿರಾಕಿ ಜಾಸ್ತಿ ಎಂದು ಅತ್ತೆ ಹಣ್ಣಾದ ಬಾಳೆಗೊನೆಯನ್ನು ಸರಿಯಾಗಿ ನನ್ನ ಬಕೆಟ್ಟಿನ ಮೇಲೆ ತೂಗುಹಾಕಿದ್ದರು. ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ, ಮಾಗಿದ ಹಣ್ಣಿನ ಗಾಳಿ ತಾಗಿದರೆ ಟುಲಿಪ್ಪಿಗೆ ಮುಪ್ಪು ಓಡಿ ಬರುತ್ತದೆ. ಜೊತೆಗೆ ಮಧ್ಯಾಹ್ನದ ಬಿಸಿಲು ತಗಡಿನ ಮೇಲೆ. ಹೂಗಳೆಲ್ಲ ಬಾಯಿ ಅಗಲ ತೆರೆದು, ಸಂಜೆಗೆ ದಳ ಉದುರಿಸಿ, ಬರೀ ಕಡ್ಡಿ ಉಳಿದವು. ಪಾಳಿ ಮುಗಿಸಿ ಬಂದ ನಮ್ಮ ಮನೆಯವರು, ಕಾರ್ಖಾನೆಯಲ್ಲಿ ಯಾರೋ ಹೇಳಿದರೆಂದು ತಲೆನೋವಿನ ಗುಳಿಗೆ ತಂದು ಬಕೆಟ್ಟಿನ ನೀರಿಗೆ ಹಾಕಿದರು. ಸತ್ತ ಮೇಲೆ ತಲೆನೋವು ಎಲ್ಲಿಂದ ಬರಬೇಕು ಎಂದು ಅತ್ತೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ ಎರಡು ಬೆರಳು ಎತ್ತಿ ತೋರಿಸಿದರು.

ಆ ವರ್ಷದ ಸೀಸನ್ ಮುಗಿಯಿತು. ಮುಂದಿನ ಚಳಿಗಾಲದವರೆಗೆ ಬಕೆಟ್ಟಿನಲ್ಲಿ ಜರ್ಬೆರಾ ಇಟ್ಟುಕೊಂಡು, ಅತ್ತೆಯ ಎದುರು ಟುಲಿಪ್ಪಿನ ಹೆಸರೆತ್ತದೆ ಕಳೆದೆ. ಮೂರನೆಯದಕ್ಕೆ ಕೈಹಾಕಲು ನಿಜಕ್ಕೂ ಹೆದರಿಕೆಯಿತ್ತು.

ಅದು ತಾನಾಗಿಯೇ ಮನೆಬಾಗಿಲಿಗೆ ಬಂತು. ನಾಲ್ಕು ರಸ್ತೆ ಆಚೆಯ ಅಪಾರ್ಟ್‌ಮೆಂಟಿನಲ್ಲಿ ಬೆಂಗಳೂರಿನ ಕಡೆಯ ಒಂದು ಸಂಸಾರ ಇತ್ತು. ಆ ಮನೆಯ ಅಮ್ಮ ನಮ್ಮ ಕನ್ನಡ ಕೇಳಿಯೇ ನಮ್ಮಲ್ಲಿಗೆ ಬರುತ್ತಿದ್ದರು. ಅವರ ಕನ್ನಡಕ್ಕೂ ನಮ್ಮ ಕನ್ನಡಕ್ಕೂ ಅಜಗಜಾಂತರ. ಆದರೂ ಪರವೂರಿನಲ್ಲಿ ಅದು ಒಂದೇ ಬಳ್ಳಿಯ ಹೂವು. ಫೆಬ್ರವರಿಯಲ್ಲಿ ಮಗಳ ನಿಶ್ಚಿತಾರ್ಥ ಎಂದು ಅತ್ತೆಗೆ ಮೊಗ್ಗಿನ ಹಾರ, ಜಡೆಗೆ ದಂಡೆ ಎಲ್ಲ ಹೇಳಿದರು. ಹೋಗುವಾಗ ಕೈಚೀಲದಿಂದ ಒಂದು ಪತ್ರಿಕೆಯ ಹಾಳೆ ತೆಗೆದು, ಇಂಥದ್ದು ಪುಣೆಯಲ್ಲಿ ಯಾರಾದರೂ ಮಾಡುತ್ತಾರಾ ಎಂದು ಕೇಳಿದರು. ಉದ್ದನೆಯ ಮೇಜು, ಗಾಜಿನ ಹೂದಾನಿಗಳು, ಅವುಗಳಲ್ಲಿ ಬಾಯಿ ಮುಚ್ಚಿ ನಿಂತ ಬಿಳಿ ಟುಲಿಪ್. ಅತ್ತೆ ಬಾಯಿ ತೆರೆಯುವ ಮೊದಲೇ ನಾನು, ಮಾಡುತ್ತೇವೆ ಎಂದುಬಿಟ್ಟೆ. ಆ ಅಮ್ಮ ಸಂತೋಷದಿಂದ ಹೋದರು. ಅತ್ತೆ ದಾರ ಹಲ್ಲಿನಿಂದ ಕಡಿಯುತ್ತ, ಇದು ಮೂರನೆಯದು, ನೆನಪಿರಲಿ ಎಂದರು.

ನನಗೆ ನೆನಪಿತ್ತು. ಬೇರೇನೂ ನೆನಪಿರಲಿಲ್ಲ. ವ್ಯಾಪಾರಿಗೆ ಮುಂಚೆಯೇ ಹೇಳಿಟ್ಟು, ಬಣ್ಣ ಈಗಷ್ಟೇ ಇಣುಕುತ್ತಿರುವ, ಇನ್ನೂ ಹಸಿರಿನ ಛಾಯೆ ಬಿಡದ ಗಟ್ಟಿ ಮೊಗ್ಗುಗಳನ್ನು ಆರಿಸಿದೆ. ಪ್ರತಿ ಕಟ್ಟಿನ ಎಲೆ ತಿಕ್ಕಿ ಕಿವಿಗೊಟ್ಟು ಕೇಳಿದೆ. ಮನೆಯ ಫ್ರಿಜ್ಜಿನಿಂದ ಹಣ್ಣು, ತರಕಾರಿ, ಮೆಣಸಿನಕಾಯಿಯ ಹಿಂಡಿ, ಹಾಲು ಎಲ್ಲ ಹೊರಗೆ ಬಂದವು. ಹೂವು ಒಳಗೆ ಹೋಯಿತು. ಮಗನಿಗೆ ಒಡೆದ ಹಾಲಿನ ಚಹಾ, ಹಾಲೆಂಡದ ಮೊಗ್ಗಿಗೆ ಎಸಿ ಎಂದು ಅತ್ತೆ ಓಣಿಗೆಲ್ಲ ಕೇಳುವಂತೆ ಹೇಳಿದರು. ನಮ್ಮ ಮನೆಯವರು ಆ ಚಹಾ ಕುಡಿದು ಕಂಪನಿ ಬಸ್ಸು ಹತ್ತಿದರು. ಅವರಿಗೆ ನಮ್ಮಿಬ್ಬರ ನಡುವೆ ಬದುಕುವ ವಿದ್ಯೆ ಕರಗತವಾಗಿತ್ತು.

ನಿಶ್ಚಿತಾರ್ಥದ ದಿನ ಕಬ್ಬಿನ ಹಾಲಿನ ಅಂಗಡಿಯಿಂದ ಮಂಜುಗಡ್ಡೆ ತಂದು ಬಕೆಟ್ಟಿಗೆ ಹಾಕಿ, ರಿಕ್ಷಾದಲ್ಲಿ ಹೊರಟೆವು. ನನ್ನ ಕಾಲ ನಡುವೆ ಬಕೆಟ್ಟು, ಅತ್ತೆಯ ತೊಡೆಯ ಮೇಲೆ ಹಾರದ ಬುಟ್ಟಿ. ಅಪಾರ್ಟ್‌ಮೆಂಟಿನ ಕೆಳಮಹಡಿಯ ಸಭಾಂಗಣದಲ್ಲಿ ಏರ್ಪಾಡು. ಎಸಿ ಹಾಕಿಸಿಕೊಂಡು, ಪರದೆ ಎಳೆಸಿ, ಹೂದಾನಿಗಳಿಗೆ ತಣ್ಣೀರು ಹಾಕಿ, ಒಂದೊಂದಾಗಿ ಇಟ್ಟೆ. ಇಟ್ಟು ಮುಗಿಸಿ ದೂರ ನಿಂತು ನೋಡಿದೆ. ಪತ್ರಿಕೆಯ ಹಾಳೆಯಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿತ್ತು. ನನಗೆ ಅಳು ಬರುವಷ್ಟು ಸಂತೋಷವಾಯಿತು. ನನ್ನ ದೃಷ್ಟಿಯೇ ತಾಗೀತು ಎಂದು ಕಣ್ಣು ಬೇರೆ ಕಡೆ ತಿರುಗಿಸಿ, ಕಸ ತುಂಬಿದ ಚೀಲ ಎತ್ತಿಕೊಂಡು ಹೊರಗೆ ಹೋದೆ. ಅಡುಗೆಯವರು ಚಹಾ ಕೊಟ್ಟರು. ನಿಧಾನವಾಗಿ ಕುಡಿದೆ. ಎರಡನೆಯ ಲೋಟವನ್ನೂ ಕುಡಿದೆ. ಇವತ್ತು ಗೆದ್ದೆ ಎಂದು ಮನಸ್ಸು ಹಗುರಾಗಿತ್ತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ಒಳಗೆ ಬಂದಾಗ ಅತ್ತೆ ಮೇಜಿನ ತುದಿಯಲ್ಲಿ ಕೂತಿದ್ದರು. ಸೆರಗಿನ ತುದಿ ಒದ್ದೆ ಮಾಡಿ ತೊಡೆಯ ಮೇಲೆ ಹಾಸಿಕೊಂಡಿದ್ದರು. ಅವರ ಹೆಬ್ಬೆರಳು ಒಂದು ಟುಲಿಪ್ಪಿನ ದಳವನ್ನು ಮೆತ್ತಗೆ ಹಿಂದಕ್ಕೆ ಮಡಚುತ್ತಿತ್ತು. ಮೇಜಿನ ಉದ್ದಕ್ಕೂ, ಕೊನೆಯ ಒಂದು ಹೂದಾನಿ ಬಿಟ್ಟು, ಎಲ್ಲ ಹೂಗಳೂ ಕಮಲದ ಹಾಗೆ ಅರಳಿ ತಮ್ಮ ಹಳದಿ ಹೊಟ್ಟೆ ತೋರಿಸುತ್ತ ಕೂತಿದ್ದವು. ಒಂದು ದಳವೂ ಸೀಳಿರಲಿಲ್ಲ.

"ಅತ್ತೀ, ಏನ ಮಾಡಿದ್ರಿ ಇದು?"

ಅವರು ತಲೆ ಎತ್ತಿದರು. ಮುಖದಲ್ಲಿ ತಪ್ಪಿನ ಗುರುತು ಇರಲಿಲ್ಲ. ಕೆಲಸ ಮುಗಿಯುತ್ತ ಬಂದವರ ಸಮಾಧಾನ ಇತ್ತು.

"ಮದುಮಗಳ ಮುಂದ ಮುಚ್ಚಿದ ಹೂ ಇಡತಾರೇನು? ಗಡಿಬಿಡಿಯೊಳಗ ನೀ ಮರ್ತಿದ್ದಿ. ನಾ ಅರಳಿಸಿದ್ನಿ."

ಮಡಚಿದ ದಳವನ್ನು ಮತ್ತೆ ಮುಚ್ಚಲು ನೋಡಿದೆ. ಮಡಚಿದ ಗೆರೆ ಹಾಗೇ ಉಳಿಯಿತು. ನೀಲಿ ಬಕೆಟ್ಟು ಗೋಡೆಯ ಪಕ್ಕ ಇತ್ತು. ಅದರ ಕಡೆ ನೋಡಲಾಗದೆ ನಾನು ಮೇಜಿನ ಬಟ್ಟೆಯನ್ನು ಸುಮ್ಮನೆ ಸರಿಮಾಡುತ್ತ ನಿಂತೆ.

ಅಷ್ಟರಲ್ಲಿ ಆ ಮನೆಯ ಅಮ್ಮ ರೇಷ್ಮೆ ಸೀರೆಯಲ್ಲಿ ಸರಭರ ಬಂದರು. ಮೇಜು ನೋಡಿ ನಿಂತುಬಿಟ್ಟರು. ಇದೇನ್ರೀ, ನಾನು ಹೇಳಿದ್ದು ಟುಲಿಪ್ ಅಲ್ವಾ, ಫೋಟೋ ಬೇರೆ ತೋರಿಸಿದ್ನಲ್ಲಾ ಎಂದು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆದೆ. ನನಗಿಂತ ಮೊದಲು ಅತ್ತೆ ಎದ್ದು ನಿಂತರು.

"ತಪ್ಪು ನಂದದ ರೀ, ಈಕಿದಲ್ಲ. ಈಕಿ ನೀವು ಹೇಳಿದಂಗನ ಇಟ್ಟಿದ್ಳು. ಮುಟ್ಟಿ ಕೆಡಿಸಿದಾಕಿ ನಾನು. ಬೈಯೂದಿದ್ರ ನನಗ ಬೈರಿ."

ಇದನ್ನು ಬರೆಯುವಾಗಲೂ ನನಗೆ ನಂಬಿಕೆ ಬರುವುದಿಲ್ಲ. ನಮ್ಮ ಅತ್ತೆ ಒಮ್ಮೆ ಒಂದು ಮದುವೆಯ ಹಾರವನ್ನು ಇನ್ನೊಂದು ಮದುವೆಗೆ ಕಳಿಸಿ, ಆ ತಪ್ಪನ್ನು ಎರಡೂ ಕಡೆಯ ವರರ ಮೇಲೆ ಹೊರಿಸಿದವರು. ಸಾರಿಗೆ ಉಪ್ಪು ಹೆಚ್ಚಾದರೆ ಈ ಊರಿನ ಉಪ್ಪೇ ಸರಿಯಿಲ್ಲ ಎನ್ನುವವರು. ತಪ್ಪು ನಂದು ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಆ ಅಮ್ಮ ಹೋಗ್ಲಿ ಬಿಡಿ, ಹೋಗ್ಲಿ ಬಿಡಿ ಎನ್ನುತ್ತ ಕುರ್ಚಿಯಲ್ಲಿ ಕೂತರು.

ಕೊನೆಗೆ ದಾರಿ ಹುಡುಕಿದ್ದು ಮದುಮಗಳು. ಅವಳು ಬಂದು ನೋಡಿ ನಕ್ಕಳು. ಅತ್ತೆ ಮುಟ್ಟದೆ ಉಳಿದಿದ್ದ ಒಂದೇ ಹೂದಾನಿಯನ್ನು ಉಂಗುರದ ತಟ್ಟೆಯ ಪಕ್ಕ ಇಡಿಸಿದಳು. ಫೋಟೋಕ್ಕೆ ಅದು ಸಾಕು ಎಂದಳು. ಅರಳಿಸಿದ್ದನ್ನೆಲ್ಲ ಬಾಗಿಲಿಗೆ, ಊಟದ ಮೇಜಿಗೆ ಹಂಚಿದೆವು. ಬಂದವರಲ್ಲಿ ಕೆಲವರು ಇದು ಯಾವ ಜಾತಿಯ ಕಮಲ ಎಂದು ಕೇಳಿದರು. ಕೆಲವರು ನೋಡಲೇ ಇಲ್ಲ. ಅವಳ ಅಜ್ಜಿ ಒಂದನ್ನು ಎತ್ತಿಕೊಂಡು ದೇವರ ಪಟದ ಮುಂದೆ ಇಟ್ಟು ಕೈಮುಗಿದರು. ಹಾರವನ್ನು ಮಾತ್ರ ಎಲ್ಲರೂ ಹೊಗಳಿದರು. ಆ ಅಮ್ಮ ಕೊನೆಯವರೆಗೂ ಬಾಗಿಲ ಹೂದಾನಿಗಳ ಕಡೆ ನೋಡಿ ನಿಟ್ಟುಸಿರು ಬಿಡುತ್ತಲೇ ಇದ್ದರು. ಗೆದ್ದೆ ಅನ್ನುವಂತಿರಲಿಲ್ಲ. ಹೂವು ಕೆಟ್ಟದ್ದಂತೂ ನಿಜ.

ಅಂಗಡಿಗೆ ಬಂದು ನಾನು ಬಕೆಟ್ಟಿನ ನೀರು ಚೆಲ್ಲಿದೆ, ಒಳಗೆಲ್ಲ ಒರೆಸಿದೆ, ಅತ್ತೆಯ ಚೆಂಡುಹೂವಿನ ಬುಟ್ಟಿಯ ಪಕ್ಕ ಬೋರಲು ಹಾಕಿದೆ. ನನಗೂ ಮಾನ ಇದೆ. ಮಾತು ಕೊಟ್ಟಿದ್ದೆ, ಮೂರಾಗಿತ್ತು. ಅವರು ಬಂದು ಬಕೆಟ್ಟು ತೆಗೆ ಎಂದು ಬೆರಳು ಎತ್ತುವವರೆಗೆ ಕಾಯುವುದು ನನ್ನಿಂದಾಗುತ್ತಿರಲಿಲ್ಲ. ಅತ್ತೆ ಹಾರದ ಖಾಲಿ ಬುಟ್ಟಿ ಇಳಿಸಿ, ಕಾಲು ತೊಳೆದು, ಮಾರುತಿಗೆ ಕೈಮುಗಿದು ಬಂದರು. ಬೋರಲು ಬಿದ್ದ ಬಕೆಟ್ಟು ನೋಡಿದರು.

"ಯಾಕ ಡಬ್ಬ ಹಾಕೀದಿ?"

"ಮೂರಾತಲ್ರೀ."

"ಎಲ್ಲಿ ಮೂರು? ಇವತ್ತಿಂದು ಲೆಕ್ಕಕ್ಕ ಬರಂಗಿಲ್ಲ. ಕೆಡಿಸಿದಾಕಿ ನಾ ಇದ್ದೀನಿ. ನಿಂದು ಇನ್ನೂ ಒಂದು ಉಳದದ."

ಅವರು ಬಗ್ಗಿ ಬಕೆಟ್ಟನ್ನು ತಾವೇ ನೆಟ್ಟಗೆ ಮಾಡಿ, ಎಡಮೂಲೆಗೆ ಒಯ್ದಿಟ್ಟರು. ಆಮೇಲೆ ನನ್ನ ಮುಖ ನೋಡದೆ, ದಾರದ ಉಂಡೆ ಬಿಚ್ಚುತ್ತ ಇನ್ನೊಂದು ಮಾತು ಹೇಳಿದರು.

"ಮೂರನೇದು ಕೆಡಬಾರ್ದು ಅಂತನ ಅರಳಿಸಿದ್ನಿ ನಾ."

ಅವತ್ತಿನವರೆಗೂ ನಾನು ಅವರನ್ನು ಬಕೆಟ್ಟಿನ ವೈರಿ ಎಂದೇ ತಿಳಿದಿದ್ದೆ. ಅವರು ಎರಡು ಬೆರಳು ಎತ್ತಿ ತೋರಿಸಿದ್ದು ಹೆದರಿಸುವುದಕ್ಕೆ ಅಂದುಕೊಂಡಿದ್ದೆ. ಇನ್ನೂ ಒಂದು ಉಳಿದಿದೆ ಎಂದು ಅವರು ತಮ್ಮಷ್ಟಕ್ಕೇ ಎಣಿಸಿ ಕಾಪಾಡುತ್ತಿದ್ದರೆಂದು ನನಗೆ ಹೊಳೆದಿರಲಿಲ್ಲ. ನನಗೆ ಅಳು ಬಂತು. ಅಳುವುದಾದರೆ ಆ ಕಡೆ ಹೋಗಿ ಅಳು, ಕಣ್ಣೀರು ಮಲ್ಲಿಗೆಗೆ ಬಿದ್ದೀತು ಎಂದರು.

ಮುಂದಿನ ಚಳಿಗಾಲಗಳಲ್ಲಿ ಹೂವು ಕೆಡಲಿಲ್ಲ ಎಂದರೆ ಸುಳ್ಳಾದೀತು. ಒಂದು ವರ್ಷ ಪೆಟ್ಟಿಗೆಯೇ ಟೆಂಪೋದಲ್ಲಿ ಬೆಂದು ಬಂತು. ಅದು ಟೆಂಪೋದವನ ತಪ್ಪು, ಲೆಕ್ಕಕ್ಕಿಲ್ಲ ಎಂದರು ಅತ್ತೆ. ಇನ್ನೊಂದು ಸಲ ಕರೆಂಟು ಹೋಗಿ ಫ್ರಿಜ್ಜು ಕೈಕೊಟ್ಟಿತು. ಸರ್ಕಾರದ ತಪ್ಪು, ಅದೂ ಲೆಕ್ಕಕ್ಕಿಲ್ಲ. ಒಮ್ಮೆ ನಾನೇ ಪೇಪರು ಬಿಚ್ಚುವುದನ್ನು ಮರೆತು ತೌರಿಗೆ ಹೋಗಿಬಿಟ್ಟೆ. ಬಂದು ನೋಡಿದರೆ ಎಲ್ಲ ಕೊಳೆತಿತ್ತು. ಈಗಲಾದರೂ ಒಪ್ಪಿಕೊಳ್ಳಿ, ಇದು ಪೂರ್ತಿ ನನ್ನದೇ ಎಂದೆ. ಅವರು ಬಹಳ ಹೊತ್ತು ಯೋಚಿಸಿ, ನಿನ್ನನ್ನು ಆ ವಾರ ಕರೆಸಿಕೊಂಡ ನಿನ್ನ ತಾಯಿಯ ತಪ್ಪು ಎಂದು ತೀರ್ಪು ಕೊಟ್ಟರು. ಹಾಗಾದರೆ ಚೆನ್ನಾಗಿ ಬಂದ ವರ್ಷಗಳ ಗತಿ ಏನು, ಅವೂ ಒಂದು ಸಲ ಆಯಿತಲ್ಲ ಎಂದರೆ, ಕೆಟ್ಟದ್ದಷ್ಟೇ ಎಣಿಸಬೇಕೆಂದು ಮಾತಾಗಿದೆ, ಚೆನ್ನಾಗಿದ್ದುದನ್ನು ಎಣಿಸಿದರೆ ದೃಷ್ಟಿಯಾಗುತ್ತದೆ ಎಂದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮಲ್ಲಿ ಎರಡೂ ಕಾಲ ಅತ್ತೆಯದೇ ಆಗಿದ್ದರೂ ನನಗೆ ನಷ್ಟವಾಗಲಿಲ್ಲ.

ನೀಲಿ ಬಕೆಟ್ಟಿನ ಪಕ್ಕ ಕೆಂಪು ಬಂತು, ಅದರ ಪಕ್ಕ ಸ್ಟೀಲಿನದು ಬಂತು. ಬಾಳೆಗೊನೆ ಬಲಮೂಲೆಗೆ ಹೋಯಿತು. ಆ ದಶಕ ಮುಗಿಯುವ ಹೊತ್ತಿಗೆ ಹತ್ತಿರದಲ್ಲೇ ಶಾಪಿಂಗ್ ಮಾಲುಗಳು ಎದ್ದು, ಅವುಗಳೊಳಗೆ ಗಾಜಿನ ಹೂವಿನ ಅಂಗಡಿಗಳೂ ಬಂದವು. ಅಲ್ಲಿನ ಹೂವನ್ನು ಮೂಸಬಹುದಂತೆ ಎಂದು ಅತ್ತೆ ಅಸಹ್ಯದಿಂದ ಹೇಳಿದರು. ನಮ್ಮ ತಗಡು ತೆಗೆದು ಗೋಡೆ ಕಟ್ಟಿಸಿದೆವು. ಇಟ್ಟಿಗೆಗಳನ್ನು ಇಳಿಸುವಾಗ ಅತ್ತೆ ಪ್ರತಿಯೊಂದನ್ನೂ ತಟ್ಟಿ ನೋಡಿ, ಎಷ್ಟನ್ನೋ ವಾಪಸು ಕಳಿಸಿದರು.

ಈಗ ಅವರ ಕಣ್ಣು ಮಂಜಾಗಿದೆ. ಹಾರ ಕಟ್ಟುವುದಿಲ್ಲ, ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಚಳಿಗಾಲದ ಮೊದಲ ಟುಲಿಪ್ ಪೆಟ್ಟಿಗೆ ಬಂದ ದಿನ ಮಾತ್ರ ಮೊದಲ ಹೂವು ಅವರ ಕೈಗೇ ಹೋಗಬೇಕು. ತೊಡೆಯ ಮೇಲೆ ಒದ್ದೆ ಬಟ್ಟೆ ಹಾಸಿಕೊಂಡು, ಹೆಬ್ಬೆರಳಿನಿಂದ ತಡವಿ ತಡವಿ ಅದರ ದಳ ಮಡಚಿ ಅರಳಿಸಿ, ಮಾರುತಿಗೆ ಕಳಿಸುತ್ತಾರೆ. ನಾನು ಬೇಡ ಎನ್ನುವುದಿಲ್ಲ. ಆಮೇಲೆ ಎರಡು ಎಲೆ ಇಸಿದುಕೊಂಡು ಕಿವಿಯ ಹತ್ತಿರ ಹಿಡಿದು ತಿಕ್ಕುತ್ತಾರೆ. ಕಿರ್ ಎಂದರೆ ತಲೆಯಾಡಿಸುತ್ತಾರೆ. ನಾನು ಪೇಪರು ಸುತ್ತಲು ಕೂತಾಗ, ಪ್ರತಿ ವರ್ಷ ಹೇಳುವ ಮಾತನ್ನೇ ಮತ್ತೆ ಹೇಳುತ್ತಾರೆ.

"ಇನ್ನೂ ಒಂದು ಉಳದದ ನೋಡವಾ. ಜ್ವಾಕಿ."